ನೀಲಿ ಅಂಗೈಯ ಯಜಮಾನರು

ತಾನು ಮೂವತ್ತು ವರ್ಷ ದೇವರ ಜೊತೆ ಸಂಸಾರ ಮಾಡಿದವಳು ಎಂಬುದು ಅಜ್ಜಿಯ ದೊಡ್ಡ ಜಂಬ. ಬಸ್ಸಿನಲ್ಲಿ ಪಕ್ಕ ಕೂತವರಿಗೂ, ಹಲ್ಲು ಕೀಳುವ ಡಾಕ್ಟರಿಗೂ ಇದನ್ನು ಹೇಳದೆ ಬಿಟ್ಟವಳಲ್ಲ. ಇದರಲ್ಲಿ ಅರ್ಧ ಸುಳ್ಳು ಎಂದು ಅವಳೇ ಒಪ್ಪಿಕೊಳ್ಳುತ್ತಿದ್ದಳು. ಯಾವ ಅರ್ಧ ಎಂದು ಕೇಳಿದರೆ, "ಮೂವತ್ತಲ್ಲ, ಇಪ್ಪತ್ತಾರು" ಎನ್ನುತ್ತಿದ್ದಳು.

ದೇವರು ಎಂದರೆ ಆಕಾಶದಲ್ಲಿರುವವನಲ್ಲ, ಅವಳ ಗಂಡ. ನೂಲಿಗೂ ಬಟ್ಟೆಗೂ ಬಣ್ಣ ಹಾಕುವ ಕಾರ್ಖಾನೆಯ ಯಜಮಾನರು. ಬದುಕಿದ್ದಾಗ ಅವರು ದೇವರಾಗಿರಲಿಲ್ಲ. ಗೊರಕೆ ಹೊಡೆದರೆ ಕಿಟಕಿಯ ಗಾಜು ಅದುರುತ್ತಿತ್ತು. ಎದುರುಮನೆಯ ಗಾಜೂ ಅದುರುತ್ತಿತ್ತು ಎಂದು ಅಜ್ಜಿ ಸೇರಿಸುತ್ತಾಳೆ. ಜಿರಳೆ ಕಂಡರೆ ಮಂಚ ಹತ್ತುತ್ತಿದ್ದರು. ಏನು ಹೇಳುವುದಿದ್ದರೂ ಮೊದಲು ಒಂದು ಸಲ ಕೆಮ್ಮಬೇಕು, ಇಲ್ಲದಿದ್ದರೆ ಮಾತು ಹೊರಡುತ್ತಿರಲಿಲ್ಲ. ನೀಲಿ ತೊಟ್ಟಿಯಲ್ಲಿ ಕೈ ಅದ್ದಿ ಅದ್ದಿ ಅಂಗೈ ಯಾವ ಸೋಪಿಗೂ ಬಗ್ಗದ ನೀಲಿಯಾಗಿತ್ತು, ಅಷ್ಟೇ. ದೇವರಾಗಿದ್ದು ಸತ್ತ ಮೇಲೆ. ಅದೂ ಒಂದೇ ದಿನದಲ್ಲಲ್ಲ. ಬಟ್ಟೆಗೆ ನೀಲಿ ಹತ್ತುವ ಹಾಗೆ, ಅದ್ದಿದಷ್ಟು ಸಲ ಒಂದೊಂದು ಪದರ.

ಈ ಜಂಬ ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ಮಾತ್ರ ಅಜ್ಜಿ ಅಂದುಕೊಂಡಿರಲಿಲ್ಲ.

ಅವಳ ಮಗಳ ಮಗಳು ಪಾದ್ರಿ ಆಗುವುದಕ್ಕೆ ಓದಿದವಳು. ಅಜ್ಜಿ ಅವಳಿಗೆ ಇಟ್ಟ ಹೆಸರು ಪಾದ್ರಮ್ಮ. ಓದು ಮುಗಿದಿತ್ತು. ಬರುವ ಭಾನುವಾರ ಚರ್ಚಿನಲ್ಲಿ ಬಿಷಪ್ಪರ ಮುಂದೆ ಮಂಡಿಯೂರಿದರೆ ಅವಳು ನಿಜವಾಗಿಯೂ ಪಾದ್ರಮ್ಮ. ಅವಳ ತಾಯಿ ಬಿಳಿ ನಿಲುವಂಗಿ ಹೊಲಿಸಿ, ಮಾತು ಬಿಟ್ಟಿದ್ದ ನೆಂಟರನ್ನೂ ಕರೆದು, ದರ್ಜಿಯಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಕಿವಿ ತೂತು ಮಾಡಿದ್ದಳು. ಅಂಥದ್ದರಲ್ಲಿ ಗುರುವಾರ ಮಧ್ಯಾಹ್ನ ಹುಡುಗಿ ತಾಯಿಯ ಮನೆಗೆ ಹೋಗದೆ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಕವರಿನೊಳಗಿನ ನಿಲುವಂಗಿ ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತಿದ್ದಳು.

"ಏನೇ ಪಾದ್ರಮ್ಮ, ದೇವರ ಮನೆ ದಾರಿ ತಪ್ಪಿ ದೇವರ ಹೆಂಡ್ತಿ ಮನೆಗೆ ಬಂದ್ಯಾ?" ಎಂದಳು ಅಜ್ಜಿ.

ಹುಡುಗಿ ನಗಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕೊಟ್ಟ ಚಹಾ ಆರಿಹೋಗುವವರೆಗೂ ಲೋಟವನ್ನೇ ತಿರುಗಿಸುತ್ತಿದ್ದಳು. ಆಮೇಲೆ ಒಂದೊಂದಾಗಿ ಹೇಳಿದಳು. ಭಾನುವಾರ ಬಿಷಪ್ಪರು ಎಲ್ಲರ ಎದುರು ಒಂದು ಪ್ರಶ್ನೆ ಕೇಳುತ್ತಾರೆ. ಯೇಸು ಲೋಕ ಹುಟ್ಟುವ ಮುಂಚಿನಿಂದಲೂ ದೇವರೇ ಆಗಿದ್ದನೆಂದು ನಂಬುತ್ತೀಯಾ ಎಂದು. ಅದಕ್ಕೆ 'ನಂಬುತ್ತೇನೆ' ಎನ್ನಬೇಕು. ಆ ಒಂದು ಮಾತು ಅವಳ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದ್ದಳು, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ ನೋಡಿದ್ದಳು. ಬರಲಿಲ್ಲ.

"ಯಾಕೆ ಬರಲ್ಲ?"

"ಯೇಸುವಿನ ಕಥೆ ನಾಲ್ಕು ಜನ ಬರೆದಿದ್ದಾರೆ ಅಜ್ಜಿ. ಎಲ್ಲಾ ಆತ ಸತ್ತು ಎಷ್ಟೋ ವರ್ಷ ಆದ ಮೇಲೆ. ಮೊದಲು ಬರೆದವನ ಹತ್ರ ಹುಟ್ಟಿನ ಕಥೆಯೇ ಇಲ್ಲ. ಆತ ದೊಡ್ಡವನಾಗಿ ನದಿಗೆ ಸ್ನಾನಕ್ಕೆ ಬರ್ತಾನೆ, ಆಗ ಆಕಾಶದಿಂದ ನೀನು ನನ್ನ ಮಗ ಅಂತ ಕೂಗು ಕೇಳುತ್ತೆ. ಆಮೇಲೆ ಬರೆದ ಇಬ್ಬರು, ಇಲ್ಲ ಇಲ್ಲ, ತಾಯಿ ಹೊಟ್ಟೆಯಿಂದಲೇ ದೇವರ ಮಗ ಅಂದ್ರು. ಕೊನೆಯವನು ಲೋಕಾನೇ ಇಲ್ಲದಾಗಿಂದ ಅಂದ. ವರ್ಷ ಮುಂದಕ್ಕೆ ಹೋದ ಹಾಗೆ, ದೇವರಾದ ದಿನ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇದೆ."

ಇದನ್ನು ಕಾಲೇಜಿನಲ್ಲಿ ಕೇಳಿದಳಂತೆ. ಮೇಷ್ಟರು ಕೋಪಿಸಿಕೊಳ್ಳಲಿಲ್ಲ, ನಯವಾಗಿಯೇ ಅವಳನ್ನು ಮೂಲೆಗೆ ಒತ್ತಿದರು. ಇರುವುದು ಎರಡೇ ದಾರಿ ಎಂದರು. ಒಂದೋ ಅದೆಲ್ಲ ನಿಜ, ಇಲ್ಲವೋ ಆತನ ಶಿಷ್ಯರು ಸುಳ್ಳುಗಾರರು. ಸುಳ್ಳಿಗಾಗಿ ಯಾರಾದರೂ ಪ್ರಾಣ ಕೊಡುತ್ತಾರಾ, ನೀನೇ ಯೋಚಿಸು ಎಂದರು. ಹುಡುಗಿ ಯೋಚಿಸಿದಳು, ನಿದ್ದೆ ಬಿಟ್ಟು ಯೋಚಿಸಿದಳು. ಆ ಶಿಷ್ಯರ ಮಾತು ಓದಿದರೆ ಸುಳ್ಳುಗಾರರ ಮಾತಿನ ಹಾಗೆ ಕಾಣುವುದಿಲ್ಲ. ಹಾಗೆಂದು ನಿಜ ಅಂತಲೂ ಅನ್ನಿಸುವುದಿಲ್ಲ.

"ಮೂರನೇ ದಾರಿ ಇಲ್ಲ ಅಜ್ಜಿ" ಎಂದು ಲೋಟ ಕೆಳಗಿಟ್ಟಳು.

"ಇದೆ. ಬಸ್ಸಲ್ಲೇ ಹೋಗಬಹುದು" ಎಂದಳು ಅಜ್ಜಿ. "ನಾಳೆ ಬೆಳಿಗ್ಗೆ ಹಳೇ ಬಟ್ಟೆ ಹಾಕ್ಕೊ. ನಿಮ್ಮ ತಾತನ ಗುಡಿಗೆ ಹೋಗೋಣ."

ಗುಡಿ ಎಂದರೆ ಬಣ್ಣದ ಕಾರ್ಖಾನೆ. ತಗಡಿನ ಮಾಡು, ನೆಲದೊಳಗೆ ಇಳಿಸಿದ ತೊಟ್ಟಿಗಳು, ಉಗುರಿಗೂ ಅಂಟಿಕೊಳ್ಳುವ ಹುಳಿ ವಾಸನೆ, ಎತ್ತರದ ಬಿದಿರ ಗಳುಗಳ ಮೇಲೆ ನೀರು ತೊಟ್ಟಿಕ್ಕುತ್ತ ನೇತಾಡುವ ನೂಲಿನ ಲಡಿಗಳು. ನೀಲಿ ತೊಟ್ಟಿಯ ಮೇಲಿನ ಗೋಡೆಯಲ್ಲಿ ಯಜಮಾನರ ಫೋಟೋ. ಬೆಳಿಗ್ಗೆ ಅದರ ಗಾಜು ಒರೆಸದೆ ಯಾರೂ ಬಾಯ್ಲರಿಗೆ ಬೆಂಕಿ ಹಾಕುವುದಿಲ್ಲ.

ಹೆಸರಿಗೆ ಕಾರ್ಖಾನೆ ಅಜ್ಜಿಯದು, ನಡೆಸುವವರು ಇಬ್ಬರು ಮೇಸ್ತ್ರಿಗಳು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಯಜಮಾನರ ಕೈಕೆಳಗೆ ಕಲಿತವರು, ಈಗ ಇಬ್ಬರ ತಲೆಯೂ ಬೆಳ್ಳಗಾಗಿದೆ. ತೊಟ್ಟಿ ಬಿಸಿಯಾಗಿರಬೇಕು ಎನ್ನುವವನು ಬಿಸಿಮೇಸ್ತ್ರಿ, ತಣ್ಣಗಿದ್ದರೆ ಬಣ್ಣ ನಿಲ್ಲುತ್ತದೆ ಎನ್ನುವವನು ತಣ್ಣಮೇಸ್ತ್ರಿ. ಹೆಸರಿಟ್ಟವಳು ಅಜ್ಜಿಯೇ. ಒಬ್ಬ ಹಗಲು ಎಂದರೆ ಇನ್ನೊಬ್ಬ ರಾತ್ರಿ ಎನ್ನುವ ಜೋಡಿ.

ಅಲ್ಲಿ ಒಂದು ಕಟ್ಟಳೆಯಿತ್ತು. ತೊಟ್ಟಿಯ ಹತ್ತಿರ ನಿಂತು 'ನನಗೆ ಹೀಗನ್ನಿಸುತ್ತೆ' ಎಂದು ಯಾರೂ ಹೇಳುವಂತಿಲ್ಲ. ಹೇಳಿದರೆ ಉಳಿದವರು ಬೆನ್ನು ತಿರುಗಿಸುತ್ತಾರೆ. ಏನು ಹೇಳುವುದಿದ್ದರೂ 'ಯಜಮಾನರು ಹೇಳಿದ್ದರು' ಎಂದೇ ಶುರುಮಾಡಬೇಕು.

ಅಜ್ಜಿ ಮೊಮ್ಮಗಳು ಒಳಗೆ ಕಾಲಿಡುವಾಗ ಜಗಳ ಕಾವೇರಿತ್ತು. ಹಿಂದಿನ ವಾರ ಬಟ್ಟೆ ಒಣಗಿಸುವ ಮಿಷನ್ ಒಂದು ಬಂದಿತ್ತು. ತೊಟ್ಟಿಯಿಂದ ತೆಗೆದದ್ದನ್ನು ನೇರ ಅದಕ್ಕೆ ತುಂಬಿದರೆ ಹೊತ್ತು ಉಳಿಯುತ್ತದೆ ಎಂದು ತಣ್ಣಮೇಸ್ತ್ರಿ. ನೀಲಿ ತೊಟ್ಟಿಯಿಂದ ಬಟ್ಟೆ ಹೊರಬರುವಾಗ ಹಸಿರಾಗಿರುತ್ತದೆ, ಗಾಳಿ ತಾಕಿದ ಮೇಲೇ ಅದು ನೀಲಿಗೆ ತಿರುಗುವುದು, ಗಾಳಿ ಕಾಣಿಸದೆ ಬೇಯಿಸಿದರೆ ಬಣ್ಣ ಸಾಯುತ್ತದೆ ಎಂದು ಬಿಸಿಮೇಸ್ತ್ರಿ. ಕೆಲಸದವರೆಲ್ಲ ಕೈ ಕಟ್ಟಿ ನಿಂತಿದ್ದರು. ಕೊನೆಗೆ ಬಿಸಿಮೇಸ್ತ್ರಿ ಫೋಟೋದ ಕಡೆ ಒಂದು ಸಲ ನೋಡಿ ಹೇಳಿದ:

"ಮಿಷನ್ನಿಗೆ ಹಾಕೋ ಮುಂಚೆ ಎರಡು ಸಲ ಗಾಳಿಗೆ ಹಿಡೀಬೇಕು ಅಂತ ಯಜಮಾನ್ರು ಹೇಳಿದ್ರು."

ಜಗಳ ಅಲ್ಲಿಗೆ ನಿಂತಿತು. ತಣ್ಣಮೇಸ್ತ್ರಿ ಲಡಿ ಎತ್ತಿ ಗಳುವಿಗೆ ಹಾಕಿದ. ಹುಡುಗಿ ಒಮ್ಮೆ ಮಿಷನ್ನನ್ನು ನೋಡಿದಳು, ಒಮ್ಮೆ ಫೋಟೋ ನೋಡಿದಳು. ಮಿಷನ್ನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ಪೂರ್ತಿ ಕಿತ್ತಿರಲಿಲ್ಲ. ತಾತ ತೀರಿಕೊಂಡಾಗ ಅವಳು ಹುಟ್ಟಿರಲಿಲ್ಲ.

"ಮೇಸ್ತ್ರಿ ತಾತ, ಈ ಮಾತನ್ನ ಅವರು ನಿಮಗೆ ಯಾವಾಗ ಹೇಳಿದ್ರು?" ಎಂದು ಮೆಲ್ಲಗೆ ಕೇಳಿದಳು.

"ಇವತ್ತು ಬೆಳಿಗ್ಗೆ ಕಣಮ್ಮ" ಎಂದ ಅವನು, ಬಿಸಿಲಿದೆ ಎಂದು ಹೇಳುವಷ್ಟು ಸಲೀಸಾಗಿ. "ಗಾಜು ಒರೆಸ್ತಾ ಇದ್ದೆ. ಇವರು ಇದ್ದಿದ್ರೆ ಈ ಮಿಷನ್ನಿಗೆ ಏನು ಹೇಳ್ತಿದ್ರು ಅಂತ ಅಂದ್ಕೊಂಡೆ. ಹೇಳಿದ್ರು."

"ಕಿವಿಗೆ ಕೇಳಿಸ್ತಾ?"

"ಕಿವಿಗೇ. ಮೊದಲು ಒಂದ್ಸಲ ಕೆಮ್ಮಿದ್ರು, ಆಮೇಲೆ ಹೇಳಿದ್ರು."

ಅಜ್ಜಿ ತಿರುಗಿ ಫೋಟೋವನ್ನು ನೋಡಿದಳು.

ಹುಡುಗಿ ಆಸೆಯಿಂದ ಕೇಳುತ್ತಿದ್ದಾಳೆಂದು ಗೊತ್ತಾಗಿದ್ದೇ ತಡ, ಕೆಲಸದವರು ಸುತ್ತ ನೆರೆದರು. ಹುಟ್ಟುವಾಗಲೇ ಯಜಮಾನರ ಅಂಗೈ ನೀಲಿಯಾಗಿತ್ತಂತೆ. ಅವರ ತಾಯಿಗೆ, ಬಸಿರಾಗುವ ಮುಂಚೆಯೇ, ಆಕಾಶ ಬಂದು ಮಡಿಲಿಗೆ ಬಿದ್ದ ಕನಸಂತೆ. ಅವರು ಸತ್ತ ದಿನ ನೀಲಿ ತೊಟ್ಟಿಯೂ ಸತ್ತುಹೋಯಿತಂತೆ. ಈ ತೊಟ್ಟಿಗೆ ಜೀವವಿದೆ ಎಂದೇ ಬಣ್ಣದವರ ಮಾತು, ಹಿಟ್ಟಿನ ಹಾಗೆ ಹುಳಿ ಬಂದು ನೊರೆ ಕಟ್ಟಿದರೆ ಮಾತ್ರ ಅದು ಬಣ್ಣ ಕೊಡುತ್ತದೆ. ನೊರೆ ಇಲ್ಲದೆ, ವಾಸನೆ ಇಲ್ಲದೆ ಬಿದ್ದಿದ್ದ ಆ ತೊಟ್ಟಿ ಮೂರನೆಯ ದಿನ ತಾನಾಗಿಯೇ ಎದ್ದು ಕೂತಿತಂತೆ.

"ಸಾವಿನ ಮನೆ ಅಂತ ಬಾಯ್ಲರ್ ಹಚ್ಚಿರಲಿಲ್ಲ, ತೊಟ್ಟಿ ತಣ್ಣಗಾಗಿತ್ತು" ಎಂದಳು ಅಜ್ಜಿ. "ಮೂರನೇ ದಿನ ಹಚ್ಚಿದ್ವಿ, ಬೆಚ್ಚಗಾಯ್ತು, ನೊರೆ ಬಂತು. ಅದರಲ್ಲೇನಿದೆ?"

"ಬೆಚ್ಚಗೆ ಮಾಡಿದ್ದು ಯಾರು ಅಮ್ಮಾವ್ರೇ?" ಎಂದ ತಣ್ಣಮೇಸ್ತ್ರಿ. ಎಲ್ಲರೂ ತಲೆದೂಗಿದರು.

ತಣ್ಣಮೇಸ್ತ್ರಿ ಸುಮ್ಮನೆ ಬಾಯಿಮಾತಿನವನಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಒಮ್ಮೆ ಹೆಚ್ಚು ಸಂಬಳದ ಮಿಲ್ಲಿಗೆ ಹೋಗಿ ಸೇರಿದ್ದ. ಯಜಮಾನರು ಹೇಳಿದ ಹಾಗಲ್ಲದೆ ಬಣ್ಣದ ತೊಟ್ಟಿಗೆ ಬೇರೆ ಥರ ಉಪ್ಪು ಹಾಕುವುದಿಲ್ಲ ಎಂದು ಹಟ ಹಿಡಿದು ಕೆಲಸ ಕಳೆದುಕೊಂಡ. ಒಂದು ಮಳೆಗಾಲವಿಡೀ ಹೆಂಡತಿ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ತಿರುಗಿ ಇಲ್ಲಿಗೇ ಬಂದ. ಉಪ್ಪಿನ ಆ ಮಾತನ್ನು ಯಜಮಾನರು ಎಂದೂ ಆಡಿದವರಲ್ಲ.

ಸತ್ತ ಎಮ್ಮೆ ಕೊಡುವಷ್ಟು ಹಾಲು ಇದ್ದ ಎಮ್ಮೆ ಕೊಡುವುದಿಲ್ಲ ಎಂದುಕೊಂಡು ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊಮ್ಮಗಳ ಎದುರು ಇವತ್ತು ಈ ದೇವರನ್ನು ಗೋಡೆಯಿಂದ ಇಳಿಸಿ, ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುವುದೇ ಸರಿ. ಅದಕ್ಕೆ ಅವಳ ಹತ್ತಿರ ಒಂದು ಮಾತಿತ್ತು. ಉಪ್ಪು ಖಾರ ಹಚ್ಚದ, ಅವಳ ಬಾಯಿಂದ ಬರುವ ಮಾತುಗಳಲ್ಲಿ ಅಪರೂಪದ, ಪೂರ್ತಿ ನಿಜವಾದ ಮಾತು.

"ಕೇಳ್ರೋ ಇಲ್ಲಿ. ನಿಮ್ಮ ಯಜಮಾನ್ರಿಗೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗ್ತಿರಲಿಲ್ಲ. ಹುಟ್ಟಿನಿಂದ ಕಣ್ಣು ಹಾಗೇ. ಬಟ್ಟೆ ತೊಟ್ಟಿಯಿಂದ ಬಂದಾಗ ನನ್ನನ್ನ ಆ ಕಿಟಕಿ ಹತ್ರ ನಿಲ್ಲಿಸ್ಕೊಂಡು, ಇದು ಯಾವ ಬಣ್ಣಕ್ಕೆ ಬಂದಿದೆ ಹೇಳೇ ಅಂತ ಗುಟ್ಟಾಗಿ ಕೇಳ್ತಿದ್ರು. ನಾನು ಹೇಳಿದ್ದನ್ನ ನಿಮಗೆ ಹೇಳ್ತಿದ್ರು."

ಬಿಸಿಮೇಸ್ತ್ರಿಯ ಕಣ್ಣು ಒದ್ದೆಯಾಯಿತು. ಅವನು ತಣ್ಣಮೇಸ್ತ್ರಿಯ ಭುಜ ಹಿಡಿದ. ಆ ಇಬ್ಬರೂ ಮುಟ್ಟಿಕೊಂಡದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಕೇಳಿದ್ಯೇನೋ?" ಎಂದ. "ಬಣ್ಣ ಕಾಣದೇನೇ ಬಣ್ಣ ಹಾಕ್ತಿದ್ರಂತೆ."

"ಕಾಣದೇನೇ ಅಂದ್ರೆ ಇನ್ನೆಂಥಾ ಕಣ್ಣಿರಬೇಕು ಅವರದ್ದು" ಎಂದ ತಣ್ಣಮೇಸ್ತ್ರಿ.

ಮಾತಿಗೆ ಕಾಲು ಬಂದು ಕಣ್ಣೆದುರೇ ಓಡಿತು. ಅಜ್ಜಿಯೂ ಮೊಮ್ಮಗಳೂ ಬಾಗಿಲು ದಾಟುವ ಹೊತ್ತಿಗೆ, ಲಾರಿಗೆ ಗಂಟು ಹೇರುತ್ತಿದ್ದವರು, ಯಜಮಾನರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೀ ಬೆರಳಿನಿಂದ ಬಣ್ಣ ಹೇಳುತ್ತಿದ್ದರು ಎಂದು ಮಾತಾಡಿಕೊಳ್ಳುತ್ತಿದ್ದರು. ಕಿಟಕಿಯ ಹತ್ತಿರ ನಿಂತಿದ್ದ ಹೆಂಡತಿ ಆ ಕಥೆಯಿಂದ ಆಗಲೇ ಉದುರಿಹೋಗಿದ್ದಳು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಗೇಟಿನ ಕಂಬ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅಜ್ಜಿಯ ಮುಖ ನೋಡಿ ನಿಲ್ಲಿಸಿದಳು.

"ನಗು, ನಗು" ಎಂದಳು ಅಜ್ಜಿ. "ಇಳಿಸೋಕೆ ಹೋದೆ, ಇನ್ನೂ ಒಂದು ಮೊಳ ಮೇಲಕ್ಕೆ ಹೋಗಿ ಕೂತ್ರು. ನಂಗೆ ಬೇಕಾದವರು ಆ ಫೋಟೋದಲ್ಲಿ ಇಲ್ಲ ಕಣೇ. ಜಿರಳೆಗೆ ಹೆದರೋ ಒಬ್ಬ ಮನುಷ್ಯ ಇದ್ದ, ಅವನು ಈಗ ನನ್ನ ತಲೆಯೊಳಗೆ ಬಿಟ್ಟರೆ ಎಲ್ಲೂ ಇಲ್ಲ."

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ ಕೂತಳು. ಅವಳ ಮುಖದಲ್ಲಿ ಗುರುವಾರದ ಗಂಟು ಇರಲಿಲ್ಲ.

"ಯಾರೂ ಸುಳ್ಳು ಹೇಳ್ತಾ ಇಲ್ಲ ಅಜ್ಜಿ" ಎಂದಳು. "ಮೇಸ್ತ್ರಿಗಳು ಒಬ್ಬರ ಮಾತು ಒಬ್ಬರು ಕೇಳಲ್ಲ. ತಾತನ ಮಾತು ಇಬ್ಬರೂ ಕೇಳ್ತಾರೆ. ಅದಕ್ಕೇ ತಾತ ಸತ್ತ ಮೇಲೂ ಮಾತಾಡ್ತಾನೇ ಇರಬೇಕು. ಇಲ್ಲದಿದ್ರೆ ಕಾರ್ಖಾನೆ ಒಡೆದು ಎರಡಾಗುತ್ತೆ. ಯೇಸು ಸತ್ತ ಮೇಲೆ ಆ ಶಿಷ್ಯರದ್ದೂ ಇದೇ ಪಾಡು. ಯಾರು ಯಾರ ಜೊತೆ ಕೂತು ಊಟ ಮಾಡಬಹುದು ಅನ್ನೋದಕ್ಕೂ ಜಗಳ ಆಡಿದ್ದಾರೆ. ಜೊತೆಗೆ ಆತ ಇಲ್ಲ ಅನ್ನೋದನ್ನ ತಡ್ಕೊಳ್ಳೋಕೂ ಆಗಲಿಲ್ಲ. ಇದ್ದಿದ್ರೆ ಏನು ಹೇಳ್ತಿದ್ದ ಅಂತ ಕೇಳ್ಕೊಂಡ್ರು. ಕೇಳಿಸ್ತು. ಹೀಗೆ ಮಾತಾಡೋನು ಬರೀ ಮನುಷ್ಯ ಆಗಿರೋಕೆ ಹೇಗೆ ಸಾಧ್ಯ ಅಂದ್ರು. ಒಂದೊಂದೇ ಪದರ."

"ಆತನ ತಾಯಿ ಇದ್ದಳಲ್ಲ, ಅವಳು ಏನೂ ಹೇಳಲಿಲ್ವಾ?"

"ಮೊದಲನೇ ಕಥೆಯಲ್ಲಿ ಒಂದು ಮಾತಿದೆ. ಇವನಿಗೆ ತಲೆ ಕೆಟ್ಟಿದೆ ಅಂತ ಮನೆಯವರೇ ಹಿಡ್ಕೊಂಡು ಹೋಗೋಕೆ ಬರ್ತಾರೆ. ಆಮೇಲೆ ಬರೆದವರ ಹತ್ರ ಆ ಮಾತು ಇಲ್ಲ."

"ನಾಲ್ಕು ಕಥೆಯಲ್ಲೂ ನನಗೆ ಅದೊಂದೇ ನಂಬಿಕೆ ಬಂದ ಮಾತು" ಎಂದಳು ಅಜ್ಜಿ. "ಮನೆಯವರಿಗೆ ಗೊತ್ತಿರುತ್ತೆ."

ಶನಿವಾರ ಹುಡುಗಿಯ ತಾಯಿ ಬಿರುಗಾಳಿಯ ಹಾಗೆ ಬಂದಳು. ಮಗಳ ಮನಸ್ಸು ಗೊತ್ತಾಗಿ ಅವಳು ಅತ್ತ ಅಳುವಿಗೆ, ಅಜ್ಜಿಯ ಲೆಕ್ಕದಲ್ಲಿ, ಬಚ್ಚಲೇ ತುಂಬಿ ಕಟ್ಟಿಕೊಂಡಿತ್ತು. ಒಂದೇ ಒಂದು ಮಾತು ಹೇಳಿದರೆ ನಾಲಿಗೆ ಸವೆಯುತ್ತದಾ, ಅಲ್ಲಿ ಕೂತವರೆಲ್ಲ ಒಂದೊಂದು ಅಕ್ಷರವನ್ನೂ ತೂಗಿ ನಂಬುತ್ತಾರಾ ಎಂದು ಕೇಳಿದಳು. ನೆಂಟರಿಗೆ ಯಾವ ಮುಖ ತೋರಿಸಲಿ ಎಂದಳು. ಇರುವ ಮುಖವನ್ನೇ ತೋರಿಸು, ಅದು ನಿನ್ನ ಅಪ್ಪನ ಮುಖ, ಚೆನ್ನಾಗಿಯೇ ಇದೆ ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದಳು. ಓಡಿಹೋಗಬೇಡ, ಚರ್ಚಿಗೆ ಬಂದೇ ಹೇಳು ಎಂದು ತಾಯಿ ಸೋತು ಹೇಳಿದಳು. ಮಂಡಿಯೂರಿದ ಮೇಲೆ ಮನಸ್ಸು ಬದಲಾದೀತು ಎಂದು ಅವಳ ಆಸೆ. ಹೇಗೂ ಬಂದೇ ಹೇಳುತ್ತೇನೆ ಎಂದು ಹುಡುಗಿ ನಿಲುವಂಗಿಗೆ ಇಸ್ತ್ರಿ ಹಾಕಿದಳು.

ಭಾನುವಾರ ಚರ್ಚು ತುಂಬಿ ತುಳುಕುತ್ತಿತ್ತು. ಮುಂದಿನ ಬೆಂಚಿನಲ್ಲಿ ತಾಯಿ, ಅಜ್ಜಿ. ಹಿಂದೆ, ಉಗುರು ಸಂದಿಯಲ್ಲಿ ನೀಲಿ ಉಳಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಇಬ್ಬರು ಮೇಸ್ತ್ರಿಗಳು. ಬಿಷಪ್ಪರು ವಯಸ್ಸಾದವರು, ಮೆತ್ತನೆಯ ದನಿಯವರು. ಪ್ರಶ್ನೆ ಕೇಳಿದರು.

ಹುಡುಗಿ ಮಂಡಿಯೂರಲಿಲ್ಲ, ನಿಂತೇ ಇದ್ದಳು. ತಾಯಿ ಅಜ್ಜಿಯ ಮಣಿಕಟ್ಟು ಹಿಡಿದುಕೊಂಡಳು. ಗೋಡೆಯ ಫ್ಯಾನು ಈ ಕಡೆಯಿಂದ ಆ ಕಡೆಗೆ ತಿರುಗಿತು.

"ಆತ ಹೇಳಿದ ಎಷ್ಟೋ ಮಾತು ನನಗೆ ಪ್ರಾಣ" ಎಂದಳು ಹುಡುಗಿ. "ಆದ್ರೆ ಆತ ದೇವರು ಅಂತ ನಾನು ನಂಬಲ್ಲ. ಅದನ್ನ ಮೊದಲು ಹೇಳಿದವರು ಯಾರೂ ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೇ ಕೇಳಿಸಿತ್ತು, ಹೇಳಿದ್ರು. ನನಗೆ ಕೇಳಿಸ್ತಾ ಇಲ್ಲ. ನಂಬ್ತೀನಿ ಅಂದ್ರೆ, ಅವರ ಸಾಲಿನಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದವಳು ನಾನಾಗ್ತೀನಿ."

ನಿಲುವಂಗಿ ಕಳಚಿ, ಮಡಿಸಿ, ಕುರ್ಚಿಯ ಮೇಲಿಟ್ಟಳು. ಬಿಷಪ್ಪರು ಹೋಗಿ ಬಾ ಮಗಳೇ ಎಂದಷ್ಟೇ ಅಂದರು. ಅವಳು ನಡುವಿನ ದಾರಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದು ಬಂದಳು. ಅಜ್ಜಿ ಎದ್ದು ಅವಳ ಹಿಂದೆಯೇ ಹೊರಟಳು. ಅಂಥ ನಡಿಗೆಗೆ ಸಾವಿರ ಜನ ಎದ್ದು ನಿಂತರು ಎಂದು ಅಜ್ಜಿ ಆಮೇಲೆ ಹೇಳಿದ್ದುಂಟು. ಆ ಚರ್ಚಿನಲ್ಲಿ ಇನ್ನೂರು ಜನ ಕೂತರೆ ಹೆಚ್ಚು.

ಆರಾಧನೆ ಮುಗಿದು ಜನ ಹೊರಗೆ ಬರುವಾಗ ಅಜ್ಜಿ ಮೊಮ್ಮಗಳು ಗೇಟಿನ ಪಕ್ಕದ ಗೋಡೆಯ ನೆರಳಲ್ಲಿ ತಾಯಿಗಾಗಿ ಕಾದಿದ್ದರು. ಅಜ್ಜಿಯ ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನದು. ಹುಡುಗಿ ಮಾತಾಡುವಾಗ ಎಡಗಡೆಯ ಮೇಣದಬತ್ತಿ ಆರಿತು ಎಂದಳು ನೆಂಟರ ಪೈಕಿ ಒಬ್ಬಳು. ಫ್ಯಾನು ಆ ಕಡೆಗೇ ತಿರುಗಿತ್ತು ಎಂದು ಅವಳ ಗಂಡ ಹೇಳಿದ, ಅವನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅದು ಆ ಹುಡುಗಿಯ ದನಿಯೇ ಆಗಿರಲಿಲ್ಲ ಎಂದಳು ಇನ್ನೊಬ್ಬಳು. ಆಗ ಬಿಸಿಮೇಸ್ತ್ರಿ ಮೆಟ್ಟಿಲ ಮೇಲೆ ನಿಂತು, ತಣ್ಣಮೇಸ್ತ್ರಿಗೆ, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ:

"ಮಾತಿಗೆ ಮುಂಚೆ ಒಂದ್ಸಲ ಕೆಮ್ಮಿದ್ಲು. ಗಮನಿಸಿದ್ಯಾ?"

"ಗಮನಿಸ್ದೆ ಇರ್ತೀನಾ" ಎಂದ ತಣ್ಣಮೇಸ್ತ್ರಿ. ಒಂದೇ ವಾರದಲ್ಲಿ ಇಬ್ಬರೂ ಎರಡು ಸಲ ಒಪ್ಪಿದ್ದರು.

ಅಳುತ್ತ ಮೆಟ್ಟಿಲಿಳಿಯುತ್ತಿದ್ದ ತಾಯಿ ಅದನ್ನು ಕೇಳಿ ನಿಂತಳು. ಕಣ್ಣು ಒರೆಸಿಕೊಂಡಳು. ಸೆರಗು ಸರಿಮಾಡಿಕೊಂಡು, ಹೌದು, ನಮ್ಮಪ್ಪಂದೂ ಹಾಗೇ, ಕೆಮ್ಮದೆ ಮಾತೇ ಬರ್ತಿರಲಿಲ್ಲ ಎಂದು ನೆಂಟರಿಗೆ ಹೇಳತೊಡಗಿದಳು.

"ನೀನು ಕೆಮ್ಮಿದ್ಯಾ?" ಎಂದು ಅಜ್ಜಿ ಪಿಸುಗುಟ್ಟಿದಳು.

"ಗಂಟಲು ಒಣಗಿತ್ತು ಅಜ್ಜಿ."

"ಹೋಗಿ ಹೇಳ್ತೀಯಾ ಅವರಿಗೆ?"

ಹುಡುಗಿ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಗುಂಪು ದೊಡ್ಡದಾಗುತ್ತಿತ್ತು. ಬೇಡ ಎಂದು ತಲೆಯಾಡಿಸಿ, ತಾಯಿ ಹೇಗೂ ಇನ್ನೊಂದು ಗಂಟೆ ಬರುವುದಿಲ್ಲ ಎಂದು ಗೊತ್ತಾಗಿ, ಅಜ್ಜಿಯ ತೋಳು ಹಿಡಿದು ಗೇಟು ದಾಟಿಸಿದಳು. ಬಸ್ ನಿಲ್ದಾಣ ರಸ್ತೆಯ ಆ ತುದಿಯಲ್ಲಿತ್ತು. ಅಜ್ಜಿ ಮೊಮ್ಮಗಳ ಬಲಗೈಯನ್ನು ತಿರುಗಿಸಿ, ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇನ್ನೂ ಬೆಳ್ಳಗೇ ಇದೆ" ಎಂದಳು. "ಈಗ ನೀನೇ ಹೇಳು ಪಾದ್ರಮ್ಮ, ನಾವು ಆ ಬಸ್ ಸ್ಟಾಪ್ ಮುಟ್ಟೋ ಹೊತ್ತಿಗೆ, ಅಲ್ಲಿ ಮೆಟ್ಟಿಲ ಮೇಲೆ ಇದು ಯಾವ ಬಣ್ಣಕ್ಕೆ ತಿರುಗಿರುತ್ತೆ?"